ಮಂಜೇಶ್ವರದ ಪೈಗಳು, ನಮ್ಮಂಗಡಿಯ ಸಾಲದ ಪುಸ್ತಕ

(1/10)

ಈ ಸಲ ಹತ್ತು ಪೋಸ್ಟ್ ಒಬ್ಬರೇ ಮನುಷ್ಯರ ಬಗ್ಗೆ. ಹೆಸರು ಮಂಜೇಶ್ವರ ಗೋವಿಂದ ಪೈ. ಹುಟ್ಟಿದ್ದು 1883 ಮಾರ್ಚ್ 23, ತೀರಿಕೊಂಡದ್ದು 1963 ಸೆಪ್ಟೆಂಬರ್ 6. ಬದುಕಿದ್ದು ಎಂಬತ್ತು ವರ್ಷ. ಅದರಲ್ಲಿ ಹೆಚ್ಚಿನ ಭಾಗ ಬೆಂಗಳೂರಲ್ಲೂ ಅಲ್ಲ, ಮದ್ರಾಸಲ್ಲೂ ಅಲ್ಲ. ಮಂಗಳೂರಿಂದ ಕಾಸರಗೋಡು ಬಸ್ಸು ಹತ್ತಿದ್ರೆ ತಲಪಾಡಿ ದಾಟಿದ ಮೇಲೆ ಸಿಗುವ ಮಂಜೇಶ್ವರ ಅನ್ನುವ ಸಣ್ಣ ಊರಲ್ಲಿ.

ನಮಗೆಲ್ಲ ಇವರು ಪಠ್ಯಪುಸ್ತಕದ 'ಕವಿ ಪರಿಚಯ'ದ ಚೌಕದಲ್ಲಿ ಸಿಕ್ಕಿದವರು. ಜನನ, ಕೃತಿಗಳು, ಬಿರುದು, ಎರಡು ಅಂಕ. ರಾಷ್ಟ್ರಕವಿ ಅಂತ ಬರೆದ್ರೆ ಒಂದು, ಗಿಳಿವಿಂಡು ಅಂತ ಬರೆದ್ರೆ ಇನ್ನೊಂದು. ಅಲ್ಲಿಗೆ ಮುಗೀತು.

ಆದ್ರೆ ಆ ಚೌಕದಲ್ಲಿ ಇಲ್ಲದ ಎರಡು ವಿಷಯ ಉಂಟು. ಒಂದು, ಇವರು ಬಿಎ ಮುಗಿಸಿದವರಲ್ಲ. ಎರಡು, ಇವರು ಕವಿ ಎಷ್ಟೋ ಅಷ್ಟೇ ಊರಿನ ಇತಿಹಾಸಕಾರ. ಈ ಎರಡೂ ನನಗೆ ಯಾಕೆ ಬೇಕಾಯ್ತು ಅಂತ ಮೂರನೇ ಪೋಸ್ಟಲ್ಲಿ ಹೇಳ್ತೇನೆ. ಮೊದಲು ಅವರ ಕತೆ.

(2/10)

ಮಂಗಳೂರಿನ ಸಾಹುಕಾರ್ ತಿಮ್ಮಪ್ಪ ಪೈ ಮತ್ತು ದೇವಕಿಯಮ್ಮನ ಹಿರಿಯ ಮಗ. ಹುಟ್ಟಿದ್ದು ಮಂಜೇಶ್ವರದ ಅಜ್ಜನ ಮನೆಯಲ್ಲಿ. ಶಾಲೆ ಮಂಗಳೂರಲ್ಲಿ, ಕಾಲೇಜು ಮದ್ರಾಸಲ್ಲಿ. ಮನೆಮಾತು ಕೊಂಕಣಿ, ಬೀದಿಯ ಮಾತು ತುಳು, ಬರೆಯುವ ಭಾಷೆ ಕನ್ನಡ, ಪಕ್ಕದಲ್ಲೇ ಮಲಯಾಳ. ಇದು ನಮಗೆ ಹೊಸತೇನಲ್ಲ. ನಮ್ಮ ಕ್ಲಾಸಿನ ಕೊನೆ ಬೆಂಚಲ್ಲೇ ತುಳು, ಕೊಂಕಣಿ, ಬ್ಯಾರಿ, ಕುಂದಾಪ್ರ ಕನ್ನಡ ಎಲ್ಲ ಒಟ್ಟಿಗೆ ಕೂತಿರ್ತದೆ. ಪೈಗಳು ಅಲ್ಲಿಗೆ ನಿಲ್ಲಿಸಲಿಲ್ಲ ಅಷ್ಟೆ. ಸಂಸ್ಕೃತ, ಪಾಲಿ, ಬಂಗಾಳಿ, ಪರ್ಷಿಯನ್, ಗ್ರೀಕ್ ಅಂತ ಹೋಗ್ತಾ ಹೋಗ್ತಾ 25 ಭಾಷೆ ಬರ್ತಿತ್ತು ಅಂತ ಅವರ ಬಗ್ಗೆ ಬರೆದವರು ಲೆಕ್ಕ ಕೊಡ್ತಾರೆ.

ಬಿಎ ಕೊನೆಯ ಪರೀಕ್ಷೆಯ ಹೊತ್ತಿಗೆ ಅಪ್ಪನಿಗೆ ಹುಷಾರಿಲ್ಲ ಅಂತ ಊರಿಂದ ಸುದ್ದಿ ಬಂತು. ಪರೀಕ್ಷೆ ಅರ್ಧಕ್ಕೆ ಬಿಟ್ಟು ಬಂದ್ರು. ಅಪ್ಪ ಉಳೀಲಿಲ್ಲ. ಹಿರಿಯ ಮಗ, ಮನೆಯ ಜವಾಬ್ದಾರಿ ಹೆಗಲಿಗೆ ಬಂತು. ಮತ್ತೆ ಪರೀಕ್ಷೆಗೆ ಹೋಗಲೇ ಇಲ್ಲ.

ಇದರಲ್ಲಿ ನನ್ನನ್ನು ತುಂಬ ಕಾಡಿದ್ದು ಒಂದು ಸಣ್ಣ ವಿವರ. ಅವರು ಬರೆದು ಬಂದಿದ್ದ ಇಂಗ್ಲಿಷ್ ಪೇಪರಿಗೆ ಚಿನ್ನದ ಪದಕ ಬಂತು. ಪದಕ ಬಂತು, ಪದವಿ ಬರಲಿಲ್ಲ.

(3/10)

ಈಗ ನನ್ನ ವಿಷಯ. ಗೊತ್ತಿದ್ದವರಿಗೆ ಗೊತ್ತುಂಟು, ಗೊತ್ತಿಲ್ಲದವರಿಗೆ ಹೇಳ್ತೇನೆ.

ಹೋದ ವರ್ಷ ಮಳೆಗಾಲ ಶುರುವಾಗುವ ಮೊದಲು ನಮ್ಮ ಅಪ್ಪ ತೀರಿಕೊಂಡ್ರು. ಕುಕ್ಕುಂದೂರಲ್ಲಿ ನಮ್ಮದೊಂದು ಸಣ್ಣ ದಿನಸಿ ಅಂಗಡಿ. ಅಪ್ಪನೇ ಅದರ ಯಜಮಾನ, ಅಪ್ಪನೇ ಅದರ ಆಳು. ಮನೆಯಲ್ಲಿ ಅಮ್ಮ, ಒಂಬತ್ತನೇ ಕ್ಲಾಸಿನ ತಂಗಿ, ನಾನು. ದೊಡ್ಡವಳು ನಾನೇ.

ಹದಿಮೂರನೆಯ ದಿನದ ಊಟ ಆದ ಮೇಲೆ ದೊಡ್ಡಪ್ಪ ನನ್ನನ್ನು ಜಗಲಿಗೆ ಕರೆದು ಕೂರಿಸಿದ್ರು. ಕೆಟ್ಟ ಮಾತೇನೂ ಆಡಲಿಲ್ಲ. "ಮಗಾ, ಬಿಕಾಂ ಅಂದ್ರೆ ಎಂತ, ಲೆಕ್ಕ ಬರೀಲಿಕ್ಕೆ ಕಲಿಯುವುದಲ್ವಾ? ಅಂಗಡಿಯಲ್ಲಿ ಕೂತ್ರೆ ಅದೇ ಲೆಕ್ಕ. ಒಂದು ವರ್ಷ ಬಿಡು, ಮತ್ತೆ ಬೇಕಾದ್ರೆ ನೋಡುವ" ಅಂದ್ರು. ಅವರು ಹೇಳಿದ್ದರಲ್ಲಿ ನ್ಯಾಯ ಉಂಟು. ಅಂಗಡಿ ಒಂದು ವಾರ ಮುಚ್ಚಿದ್ರೆ ಗಿರಾಕಿ ಜೋಡುರಸ್ತೆಯ ದೊಡ್ಡ ಅಂಗಡಿಗೆ ಹೋಗಿ ಅಲ್ಲೇ ಅಭ್ಯಾಸ ಮಾಡಿಕೊಳ್ತಾರೆ. ಅಮ್ಮನಿಗೆ ತೂಕ ಗೊತ್ತು, ಹೋಲ್‌ಸೇಲ್‌ನವರ ಹತ್ತಿರ ಮಾತಾಡಿ ಅಭ್ಯಾಸ ಇಲ್ಲ.

ಅದೇ ವಾರ ಕಾಲೇಜು ಲೈಬ್ರರಿಗೆ ಪುಸ್ತಕ ವಾಪಸ್ ಕೊಡ್ಲಿಕ್ಕೆ ಹೋಗಿದ್ದೆ. ಕನ್ನಡ ಮೇಷ್ಟ್ರು ಸಿಕ್ಕಿದ್ರು. ವಿಷಯ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ರು. ಆಮೇಲೆ, "ಗೋವಿಂದ ಪೈಗಳೂ ನಿನ್ನ ವಯಸ್ಸಿನ ಆಸುಪಾಸಲ್ಲೇ ಹೀಗೆ ಬಂದವರು" ಅಂದ್ರು. ಬಿಡು ಅಂತಲೂ ಹೇಳಲಿಲ್ಲ, ಬಿಡಬೇಡ ಅಂತಲೂ ಹೇಳಲಿಲ್ಲ. ಪುಸ್ತಕ ಇರುವ ಕಪಾಟು ತೋರಿಸಿ ಹೋದ್ರು.

(4/10)

ಇಲ್ಲಿ ಒಂದು ಜಾಗ್ರತೆ ಬೇಕು. ಕಾಲೇಜು ಬಿಟ್ಟವರು ದೊಡ್ಡವರಾದ ಕತೆ ರೀಲ್ಸ್‌ನಲ್ಲಿ ದಿನಾ ಬರ್ತದೆ. ಹಿಂದೆ ಒಂದು ಮ್ಯೂಸಿಕ್, ಮೇಲೆ ಒಂದು ಸಾಲು, "ಡಿಗ್ರಿ ಬೇಡ, ಛಲ ಬೇಕು" ಅಂತ. ಪೈಗಳ ಕತೆಯನ್ನು ಹಾಗೆ ಹೇಳ್ಲಿಕ್ಕೆ ನನಗೆ ಮನಸ್ಸಿಲ್ಲ. ನಾವು ಬಿಕಾಂನವರು, ಒಂದು ಕಾಲಂ ಮಾತ್ರ ನೋಡಿ ಟೋಟಲ್ ಹಾಕುವುದಿಲ್ಲ.

ಲೆಕ್ಕ ಹೀಗೆ ಉಂಟು. ಪೈಗಳು ಸಾಹುಕಾರರ ಮಗ. ಮನೆಯಲ್ಲಿ ಆಸ್ತಿ ಇತ್ತು. ಸಂಬಳದ ಕೆಲಸ ಮಾಡಲೇಬೇಕು ಅಂತ ಇರಲಿಲ್ಲ. ಪುಸ್ತಕ ತರಿಸ್ಲಿಕ್ಕೆ ದುಡ್ಡಿತ್ತು, ಓದ್ಲಿಕ್ಕೆ ಹೊತ್ತಿತ್ತು. ಡಿಗ್ರಿ ಇಲ್ಲದ್ದರಿಂದ ಆಗುವ ನಷ್ಟವನ್ನು ತಡೆದುಕೊಳ್ಳುವ ಬಂಡವಾಳ ಅವರ ಹತ್ತಿರ ಇತ್ತು.

ಇದಕ್ಕೆ ಎದುರು ನಮ್ಮ ಕಾರ್ಕಳದ ಕಡೆಯವರೇ ಒಬ್ಬರನ್ನು ಇಡ್ತೇನೆ. ನಂದಳಿಕೆ ಲಕ್ಷ್ಮೀನಾರಣಪ್ಪ, ಅಂದ್ರೆ ಮುದ್ದಣ. ಹುಟ್ಟಿದ್ದು 1870ರಲ್ಲಿ. ಶಾಲೆಯಲ್ಲಿ ಡ್ರಿಲ್ ಮೇಷ್ಟ್ರು. ತಾನು ಬರೆದದ್ದನ್ನು ತನ್ನ ಹೆಸರಲ್ಲಿ ಕಳಿಸದೆ, ಹಳೆಯ ಕವಿಯ ಕಾವ್ಯ ಅಂತ ಮೈಸೂರಿನ ಪತ್ರಿಕೆಗೆ ಕಳಿಸಿದವರು. ಕ್ಷಯ ಬಂದು 1901ರಲ್ಲಿ ತೀರಿಕೊಂಡ್ರು. ವಯಸ್ಸು 31. 'ಶ್ರೀರಾಮಾಶ್ವಮೇಧ' ಬರೆದವರು ಯಾರು ಅಂತ ಕನ್ನಡದ ಜನರಿಗೆ ಸರಿಯಾಗಿ ಗೊತ್ತಾಗುವಾಗ ಅವರೇ ಇರಲಿಲ್ಲ.

ಒಂದೇ ಕರಾವಳಿ, ಹದಿಮೂರು ವರ್ಷದ ಅಂತರ, ಇಬ್ಬರೂ ಪ್ರತಿಭೆಯಲ್ಲಿ ಕಡಿಮೆ ಇಲ್ಲ. ಒಬ್ಬರಿಗೆ ಎಂಬತ್ತು ವರ್ಷ ಸಿಕ್ಕಿತು, ಒಬ್ಬರಿಗೆ ಮೂವತ್ತೊಂದು. ಅದರಲ್ಲಿ ಛಲದ ಪಾಲು ಎಷ್ಟು, ಮನೆಯ ಅನ್ನದ ಪಾಲು ಎಷ್ಟು? ಛಲದ ಮಾತು ಹೇಳುವವರು ಎರಡನೆಯದ್ದನ್ನೂ ಹೇಳಬೇಕು. ಇದು ಪೈಗಳನ್ನು ಸಣ್ಣ ಮಾಡ್ಲಿಕ್ಕೆ ಅಲ್ಲ. ಆಸ್ತಿ ಇದ್ದವರು ಆ ಕಾಲದಲ್ಲಿ ನೂರಾರು ಜನ ಇದ್ದಿರಬಹುದು. ಅದನ್ನು ತಂದು ಪುಸ್ತಕಕ್ಕೆ ಹಾಕಿ, ಆ ಪುಸ್ತಕವನ್ನು ಊರಿಗಾಗಿ ಓದಿದವರು ಎಷ್ಟು ಜನ?

(5/10)

ಈಗ ಇತಿಹಾಸದ ವಿಷಯ. ಬೋರ್ ಅಂತ ಸ್ವೈಪ್ ಮಾಡಬೇಡಿ ಪ್ಲೀಸ್. ನನಗೂ ಶಾಸನ ಅಂದ್ರೆ ರಾಜರ ಹೊಗಳಿಕೆ ಅಂತಲೇ ಇತ್ತು. ನಿಜವಾಗಿ ಓದ್ಲಿಕ್ಕೆ ಕೂತ್ರೆ ಅದು ನಮ್ಮ ಸಬ್ಜೆಕ್ಟು ಮಾರಾಯ್ರೆ!

ಒಂದು ಶಾಸನದಲ್ಲಿ ಸಾಮಾನ್ಯವಾಗಿ ಎಂತ ಇರ್ತದೆ? ಮೇಲೆ ತಾರೀಕು. ಶಕ ವರ್ಷ, ಸಂವತ್ಸರ, ಮಾಸ, ತಿಥಿ, ವಾರ. ಆಮೇಲೆ ಯಾರು ಕೊಟ್ರು, ಯಾರಿಗೆ ಕೊಟ್ರು, ಎಂತ ಕೊಟ್ರು. ಇಷ್ಟು ಗದ್ದೆ, ಅದರ ಗಡಿ ಎಲ್ಲಿಂದ ಎಲ್ಲಿಗೆ, ಅದರಿಂದ ಬರುವ ಅಕ್ಕಿ ಇಷ್ಟು ಮುಡಿ, ಅದರಲ್ಲಿ ದೇವರ ದೀಪದ ಎಣ್ಣೆಗೆ ಇಷ್ಟು, ಊಟಕ್ಕೆ ಇಷ್ಟು. ಸಾಕ್ಷಿಗಳು ಯಾರು. ಇದನ್ನು ತಪ್ಪಿಸಿದವನಿಗೆ ಎಂಥ ಪಾಪ. ಡೇಟ್, ಪರ್ಟಿಕ್ಯುಲರ್ಸ್, ಅಮೌಂಟ್, ಕೆಳಗೆ ನೆರೇಶನ್. ಕಲ್ಲಿನ ಮೇಲೆ ಕೆತ್ತಿದ ಲೆಡ್ಜರ್. ಪಾಪದ ಭಾಗವನ್ನು ಪೆನಾಲ್ಟಿ ಕ್ಲಾಸ್ ಅಂತ ಇಟ್ಟುಕೊಳ್ಳಿ.

ಇದರಲ್ಲಿ ಪೈಗಳಿಗೆ ಇಷ್ಟವಾದ ಕೆಲಸ ತಾರೀಕಿನದ್ದು. ಶಾಸನದಲ್ಲೋ ಹಳೆಯ ಕಾವ್ಯದಲ್ಲೋ ತಿಥಿ, ವಾರ, ನಕ್ಷತ್ರ ಇದ್ರೆ, ಪಂಚಾಂಗದ ಲೆಕ್ಕ ಹಾಕಿ ಅದು ಇಂಗ್ಲಿಷ್ ಕ್ಯಾಲೆಂಡರಿನ ಯಾವ ದಿನಕ್ಕೆ ಕೂರ್ತದೆ ಅಂತ ಹುಡುಕುವುದು. ಆಗ ಕಂಪ್ಯೂಟರ್ ಇಲ್ಲ, ಎಲ್ಲ ಕೈ ಲೆಕ್ಕ. ವಾರ ಒಂದು ಕಡೆ, ತಿಥಿ ಒಂದು ಕಡೆ ಆದ್ರೆ ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆಗದ ಹಾಗೆ. ಮತ್ತೆ ಮೊದಲಿಂದ.

ಹೀಗೆ ಲೆಕ್ಕ ಹಾಕಿ ಶ್ರವಣಬೆಳಗೊಳದ ಗೊಮ್ಮಟನ ಪ್ರತಿಷ್ಠೆ ಆದ ದಿನ ಕ್ರಿ.ಶ. 981ರ ಮಾರ್ಚ್ 13 ಅಂತ ಅವರು ಹೇಳಿದ್ರು. ಬೇರೆ ವಿದ್ವಾಂಸರು ಬೇರೆ ದಿನ ಹೇಳಿದವರೂ ಇದ್ದಾರೆ, ವಾದ ಉಂಟು. 1981ರಲ್ಲಿ ಅಲ್ಲಿ ಸಾವಿರ ವರ್ಷದ ಮಹಾಮಸ್ತಕಾಭಿಷೇಕ ನಡೆಯಿತು. ಅಷ್ಟು ದೊಡ್ಡ ಉತ್ಸವಕ್ಕೂ ಬುಡದಲ್ಲಿ ಬೇಕಾದದ್ದು ಒಂದು ವರ್ಷದ ಲೆಕ್ಕವೇ ಅಲ್ವಾ? ಅದನ್ನು ಯಾರೋ ಕೂತು ಹಾಕಿರಬೇಕು.

(6/10)

ಈಗ ನಮ್ಮ ಗೊಮ್ಮಟ. ಕಾರ್ಕಳದವರಿಗೆ ಅದು ಸೆಲ್ಫಿ ಪಾಯಿಂಟು, ಬಸ್ಸಿನ ಸ್ಟಾಪು, ದಾರಿ ಹೇಳುವ ಗುರುತು. ವಿವರ ಇಷ್ಟು. 42 ಅಡಿ ಎತ್ತರ, ಒಂದೇ ಕಲ್ಲು. ಪ್ರತಿಷ್ಠೆ ಆದದ್ದು 1432ರ ಫೆಬ್ರವರಿ 13. ಮಾಡಿಸಿದ್ದು ಭೈರರಸರ ವಂಶದ ವೀರಪಾಂಡ್ಯ, ಪ್ರೇರಣೆ ಕೊಟ್ಟ ಗುರು ಲಲಿತಕೀರ್ತಿ. ಇದೆಲ್ಲ ನಮಗೆ ಗೊತ್ತಿರುವುದು ಅಲ್ಲಿ ಕಲ್ಲಿನಲ್ಲಿ ಬರೆದಿಟ್ಟದ್ದರಿಂದ. ಎದುರಿನ ಚತುರ್ಮುಖ ಬಸದಿ 1586ರದ್ದು. 2015ರಲ್ಲಿ ಮಸ್ತಕಾಭಿಷೇಕ ಆದಾಗ ನಾನು ಸಣ್ಣವಳು. ಅಪ್ಪನ ಹೆಗಲ ಮೇಲೆ ಕೂತು ನೋಡಿದ್ದು, ಹಾಲು, ಅರಶಿನ, ಚಂದನ ಒಂದರ ಮೇಲೊಂದು ಇಳಿಯುತ್ತಿದ್ದದ್ದು ನೆನಪುಂಟು.

ಆದ್ರೆ 'ಗೊಮ್ಮಟ' ಅಂದ್ರೆ ಎಂತ? ಬಾಹುಬಲಿಗೆ ಆ ಹೆಸರು ಎಲ್ಲಿಂದ ಬಂತು? ಪೈಗಳ ಉತ್ತರ ಚಂದ ಉಂಟು. ಸಂಸ್ಕೃತದ 'ಮನ್ಮಥ' ಅನ್ನುವ ಶಬ್ದ ಪ್ರಾಕೃತಕ್ಕೆ ಬಂದು, ಉರುಳಿ ಉರುಳಿ 'ಗೊಮ್ಮಟ' ಆಯಿತು ಅಂತ ಅವರ ವಾದ. ಜೈನರಲ್ಲಿ ಬಾಹುಬಲಿಯನ್ನು ಕಾಮದೇವ ಅಂತ, ಅಂದ್ರೆ ಬಹಳ ಸುಂದರ ಅಂತ ಹೇಳ್ತಾರೆ. ಅದಕ್ಕೆ ಪೈಗಳು ತಂದ ಸಾಕ್ಷಿ ಅವರ ಮನೆಮಾತಿಂದ. ಕೊಂಕಣಿಯಲ್ಲಿ 'ಗೊಮಟೊ' ಅಂದ್ರೆ ಚಂದದವನು.

ಈ ವಾದವನ್ನು ಎಲ್ಲರೂ ಒಪ್ಪಿದ್ದಾರೆ ಅಂತ ಇಲ್ಲ. ನನಗೆ ಖುಷಿಯಾದದ್ದು ಬೇರೆ ವಿಷಯಕ್ಕೆ. ಅಷ್ಟು ಎತ್ತರದ ಮೂರ್ತಿಯ ಹೆಸರಿನ ಬೀಗಕ್ಕೆ ಅವರು ಅಡುಗೆಮನೆಯ ಭಾಷೆಯ ಬೀಗದಕೈ ಹಾಕಿ ನೋಡಿದ್ರು. ನಾವು ಕಾಲೇಜಿಗೆ ಬಂದ ಕೂಡ್ಲೆ ಮನೆಯ ಮಾತನ್ನು ಗೇಟಿನ ಹೊರಗೆ ಬಿಟ್ಟು ಬರುವವರು. ಅವರು ಅದನ್ನು ಒಳಗೆ ಕರ್ಕೊಂಡು ಹೋದ್ರು.

ನಮ್ಮ ಊರಿನ ಹೆಸರಿಗೂ ಇಂಥದ್ದು ಒಂದು ಉಂಟು. ತುಳುವಿನಲ್ಲಿ ಕುಕ್ಕು ಅಂದ್ರೆ ಮಾವು. ಮಾವಿನ ಮರ ಜಾಸ್ತಿ ಇದ್ದದ್ದಕ್ಕೆ ಕುಕ್ಕುಂದೂರು ಅಂತ ನಮ್ಮಜ್ಜಿ ಹೇಳುವುದು. ಪೈಗಳಾಗಿದ್ರೆ ಅಜ್ಜಿಯ ಮಾತನ್ನು ಮೊದಲು ಬರೆದಿಟ್ಟುಕೊಂಡು, ಆಮೇಲೆ "ಹಳೆಯ ಕಾಗದದಲ್ಲಿ ಊರಿನ ಹೆಸರು ಹೇಗೆ ಬರೆದಿದ್ದಾರೆ?" ಅಂತ ಕೇಳ್ತಿದ್ರು ಅಂತ ಕಾಣ್ತದೆ.

(7/10)

ಇದು ಸಿನಿಮಾ ಮಾಡಬಹುದಾದ ಪೋಸ್ಟ್.

ಈಜಿಪ್ಟಿನಲ್ಲಿ ಆಕ್ಸಿರಿಂಕಸ್ ಅಂತ ಒಂದು ಹಳೆಯ ಊರು. ಅಲ್ಲಿ ಮಣ್ಣಿನಡಿ ರಾಶಿ ರಾಶಿ ಪಪೈರಸ್ ಕಾಗದ ಸಿಕ್ಕಿತು. ಅದರಲ್ಲಿ ಒಂದು ಗ್ರೀಕ್ ಪ್ರಹಸನ, ಅಂದ್ರೆ ಕಾಮಿಡಿ ನಾಟಕ. ಸುಮಾರು ಕ್ರಿ.ಶ. ಎರಡನೇ ಶತಮಾನದ ಪ್ರತಿ. ಕತೆ ಹೀಗೆ. ಕರಿಶಿಯನ್ ಅನ್ನುವ ಗ್ರೀಕ್ ಹುಡುಗಿ ಭಾರತದ ಕಡಲತೀರದ ಒಬ್ಬ ರಾಜನ ಕೈಯಲ್ಲಿ ಸಿಕ್ಕಿಬಿದ್ದಿದ್ದಾಳೆ. ಅವಳ ಅಣ್ಣ ಹಡಗಲ್ಲಿ ಬರ್ತಾನೆ. ರಾಜನಿಗೂ ಅವನ ಕಡೆಯವರಿಗೂ ಚೆನ್ನಾಗಿ ಕುಡಿಸಿ, ಅವರು ಮತ್ತಲ್ಲಿರುವಾಗ ತಂಗಿಯನ್ನು ಬಿಡಿಸಿಕೊಂಡು ಹೋಗ್ತಾನೆ. ಮಧ್ಯೆ ಊರಿನವರು ಗ್ರೀಕ್ ಅಲ್ಲದ ಯಾವುದೋ ಭಾಷೆಯಲ್ಲಿ ಮಾತಾಡ್ತಾರೆ.

ಆ ಭಾಷೆ ಕನ್ನಡ ಇರಬಹುದು ಅಂತ ಮೊದಲು ಹೇಳಿದ್ದು ಹುಲ್ಟ್ಶ್ ಅನ್ನುವ ಜರ್ಮನ್ ಶಾಸನತಜ್ಞ. ಆಮೇಲೆ ಮೈಸೂರಿನ ಆರ್. ಶಾಮಶಾಸ್ತ್ರಿಗಳು ಅದನ್ನು ಬಿಡಿಸಿ ಓದಿದ್ರು. ಮಂಜೇಶ್ವರದಲ್ಲಿ ಕೂತಿದ್ದ ಪೈಗಳೂ ಅದನ್ನು ಎತ್ತಿಕೊಂಡು ಬರೆದ್ರು. ಅದು ಕನ್ನಡವೋ, ತುಳುವೋ, ಸುಮ್ಮನೆ ನಗಿಸ್ಲಿಕ್ಕೆ ಹಾಕಿದ ಅರ್ಥವಿಲ್ಲದ ಶಬ್ದವೋ ಅಂತ ವಿದ್ವಾಂಸರ ಜಗಳ ಇವತ್ತಿಗೂ ಮುಗಿದಿಲ್ಲ.

ಜಗಳ ಮುಗಿಯದಿದ್ರೆ ಇರಲಿ. ಸಣ್ಣ ಊರಲ್ಲಿ ಕೂತವರು ಸಣ್ಣ ವಿಷಯವೇ ಬರೀಬೇಕು ಅಂತ ಇಲ್ಲ ಅನ್ನುವುದು ಮುಖ್ಯ. ಅವರು ಜಪಾನಿನ ನೋ ನಾಟಕಗಳನ್ನು ಕನ್ನಡಕ್ಕೆ ತಂದವರು. 1911ರಲ್ಲೇ, ಕನ್ನಡ ಪದ್ಯದಲ್ಲಿ ಪ್ರತಿ ಸಾಲಿನ ಎರಡನೇ ಅಕ್ಷರ ಒಂದೇ ಇರಬೇಕು ಅನ್ನುವ ಪ್ರಾಸದ ಕಟ್ಟನ್ನು ಬಿಟ್ಟು ಬರೆದವರು. ಇವತ್ತು ನೀವು ಸ್ಟೋರಿಯಲ್ಲಿ ಹಾಕುವ ಪ್ರಾಸ ಇಲ್ಲದ ನಾಲ್ಕು ಸಾಲಿನ ಪದ್ಯಕ್ಕೆ ಆಗ ಪರ್ಮಿಷನ್ ಇರಲಿಲ್ಲ. ಪೈಗಳು ಪರ್ಮಿಷನ್ ಕೇಳಲೂ ಇಲ್ಲ.

(8/10)

ಈ ಪೋಸ್ಟ್ ಬರೀಲಿಕ್ಕೆ ನನಗೆ ಹೊತ್ತು ಹಿಡಿಯಿತು.

1927ರಲ್ಲಿ ಪೈಗಳ ಹೆಂಡತಿ ತೀರಿಕೊಂಡ್ರು. ಮಕ್ಕಳಿರಲಿಲ್ಲ. ಆಮೇಲೆ ಮೂವತ್ತಾರು ವರ್ಷ ಅವರು ಒಬ್ಬರೇ. ಹೆಂಡತಿಯ ನೆನಪಿನಲ್ಲಿ ಬರೆದ ಪದ್ಯಗಳಿಗೆ ಅವರು ಇಟ್ಟ ಹೆಸರು 'ನಂದಾದೀಪ'.

ಅವರ ದೊಡ್ಡ ಪದ್ಯಗಳು ಎರಡು. 'ಗೊಲ್ಗೊಥಾ'ದಲ್ಲಿ ಯೇಸುವಿನ ಕೊನೆಯ ದಿನ. 'ವೈಶಾಖಿ'ಯಲ್ಲಿ ಬುದ್ಧನ ಕೊನೆಯ ದಿನ. ಯೇಸು ಹುಟ್ಟಿದ್ದರ ಬಗ್ಗೆ ಅಲ್ಲ, ಬುದ್ಧನಿಗೆ ಜ್ಞಾನ ಸಿಕ್ಕಿದ್ದರ ಬಗ್ಗೆಯೂ ಅಲ್ಲ. ಇಬ್ಬರೂ ಹೋಗುವ ಹೊತ್ತನ್ನೇ ಅವರು ಆರಿಸಿಕೊಂಡ್ರು. ಇತಿಹಾಸದಲ್ಲೂ ಬುದ್ಧ ನಿರ್ವಾಣ ಹೊಂದಿದ ಕಾಲ ಯಾವುದು ಅಂತ ಲೆಕ್ಕ ಹಾಕಿ ಬರೆದವರು ಅವರೇ.

ಯಾಕೆ ಅಂತ ಅವರ ಪರವಾಗಿ ನಾನು ಉತ್ತರ ಹೇಳುವುದು ಸರಿಯಲ್ಲ. ನನ್ನ ಮಟ್ಟಿಗೆ ಹೇಳಬಹುದು. ಅಪ್ಪ ಹೋದ ಮೇಲೆ ಮೊದಲ ಎರಡು ತಿಂಗಳು ನನಗೆ ನೆನಪಾಗ್ತಿದ್ದದ್ದು ಕೊನೆಯ ದಿನ ಮಾತ್ರ. ಎಷ್ಟು ಗಂಟೆಗೆ ಎದೆ ನೋವು ಅಂದ್ರು, ಎಷ್ಟು ಗಂಟೆಗೆ ರಿಕ್ಷಾ ಬಂತು, ಯಾರು ಮೊದಲು ಫೋನ್ ಎತ್ತಿದ್ರು. ಗಂಟೆ, ನಿಮಿಷ ಎಲ್ಲ ಲೆಕ್ಕ ಹಾಕಿ ಹಾಕಿ, ಎಲ್ಲೋ ಒಂದು ಕಡೆ ಹತ್ತು ನಿಮಿಷ ಉಳಿಸಬಹುದಿತ್ತಾ ಅಂತ ಹುಡುಕುವುದು. ಡಾಕ್ಟ್ರು, ಉಳಿಸ್ಲಿಕ್ಕೆ ಆಗ್ತಿರಲಿಲ್ಲ ಅಂತ ಹೇಳಿದ್ದಾರೆ. ಆದ್ರೂ ತಲೆ ಲೆಕ್ಕ ಮಾಡ್ತಾ ಇರ್ತದೆ.

ಹೋದವರ ಕೊನೆಯ ದಿನವನ್ನು ಕಣ್ಣುಮುಚ್ಚದೆ ನೋಡಿ, ಅದನ್ನು ಬೇರೆಯವರಿಗೂ ಓದ್ಲಿಕ್ಕೆ ಆಗುವ ಹಾಗೆ ಬರೆದವರು ಒಬ್ಬರು ನಮ್ಮ ಬಸ್ ರೂಟಿನಲ್ಲೇ ಇದ್ದರು ಅಂತ ಗೊತ್ತಾದದ್ದು ನನಗೆ ಒಂದು ಧೈರ್ಯ. ಅಷ್ಟೇ ಹೇಳಬಲ್ಲೆ.

(9/10)

ಪೈಗಳ ಕೊನೆಯ ವರ್ಷಗಳು.

1949ರಲ್ಲಿ ಮದ್ರಾಸ್ ಸರ್ಕಾರ ಅವರಿಗೆ ರಾಷ್ಟ್ರಕವಿ ಅಂತ ಗೌರವ ಕೊಟ್ಟಿತು. ಮದ್ರಾಸ್ ಯಾಕೆ? ಆಗ ನಮ್ಮ ಜಿಲ್ಲೆ, ಕಾಸರಗೋಡು, ಉಡುಪಿ, ಕಾರ್ಕಳ ಎಲ್ಲ ಸೇರಿಸಿ, ಮದ್ರಾಸ್ ಪ್ರಾಂತ್ಯದಲ್ಲಿತ್ತು. 1951ರಲ್ಲಿ ಮುಂಬಯಿಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. 1956ರ ನವೆಂಬರ್ 1ಕ್ಕೆ ರಾಜ್ಯಗಳನ್ನು ಭಾಷೆಯ ಮೇಲೆ ವಿಂಗಡಿಸಿದಾಗ ಕಾಸರಗೋಡು ಕೇರಳಕ್ಕೆ ಹೋಯಿತು. ಕಯ್ಯಾರ ಕಿಞ್ಞಣ್ಣ ರೈಗಳ ಹಾಗೆ ಪೈಗಳಿಗೂ ಅದು ಕನ್ನಡದ ಜೊತೆ ಇರಬೇಕು ಅಂತ ಇತ್ತು. ಆಗಲಿಲ್ಲ. ಮನೆ ಅಲ್ಲೇ ಇತ್ತು, ಅಂಗಳ ಅಲ್ಲೇ ಇತ್ತು, ರಾಜ್ಯ ಬೇರೆ ಆಯಿತು. ಹಾಗೆ ಕನ್ನಡದ ರಾಷ್ಟ್ರಕವಿ ಕೊನೆಯ ಏಳು ವರ್ಷ ಕೇರಳದಲ್ಲಿ ಬದುಕಿ, 1963ರಲ್ಲಿ ಹೋದ್ರು.

ಹೋದ ಮೇಲೆ ಅವರ ಪುಸ್ತಕಗಳು ಉಡುಪಿಗೆ ಬಂದವು, ಎಂಜಿಎಂ ಕಾಲೇಜಿಗೆ. ಅಲ್ಲಿ ಅವರ ಹೆಸರಲ್ಲೇ ಸಂಶೋಧನ ಕೇಂದ್ರ ಆಯಿತು. ಕು.ಶಿ. ಹರಿದಾಸ ಭಟ್ಟರು ಅದನ್ನು ಬೆಳೆಸಿದ್ರು. ಯು.ಪಿ. ಉಪಾಧ್ಯಾಯರ ಸಂಪಾದಕತ್ವದಲ್ಲಿ ಆರು ಸಂಪುಟದ ತುಳು ನಿಘಂಟು ಹೊರಗೆ ಬಂದದ್ದು ಅಲ್ಲಿಂದಲೇ, 1988ರಿಂದ 1997ರ ನಡುವೆ. ನಾನು ಕಾರ್ಕಳದಿಂದ ಮಣಿಪಾಲದ ಮೇಲೆ ಹೋಗುವ ಬಸ್ಸು ಹಿಡಿದು ಒಂದು ದಿನ ಅಲ್ಲಿಗೆ ಹೋಗಿ ಬಂದೆ. ನಿಘಂಟಿನಲ್ಲಿ ಮೊದಲು ಹುಡುಕಿದ ಶಬ್ದ 'ಕುಕ್ಕು'.

ಮಂಜೇಶ್ವರದ ಅವರ ಮನೆಯನ್ನು 'ಗಿಳಿವಿಂಡು' ಅನ್ನುವ ಹೆಸರಲ್ಲಿ ಸ್ಮಾರಕ ಮಾಡಿದ್ದಾರೆ. ಅಲ್ಲಿ 1980ರಲ್ಲಿ ಶುರುವಾದ ಸರ್ಕಾರಿ ಕಾಲೇಜಿಗೂ ಅವರದ್ದೇ ಹೆಸರು. ಡಿಗ್ರಿ ಮುಗಿಸದವರ ಹೆಸರಿನ ಕಾಲೇಜಿನಿಂದ ವರ್ಷ ವರ್ಷ ಮಕ್ಕಳು ಡಿಗ್ರಿ ತಗೊಂಡು ಹೊರಗೆ ಬರ್ತಾರೆ.

ಮತ್ತೆ, ಅವರು ಒಬ್ಬರೇ ಅಲ್ಲ. 1923ರಲ್ಲೇ ಗಣಪತಿ ರಾವ್ ಐಗಳ್ ಅನ್ನುವ ಮೇಷ್ಟ್ರು ದಕ್ಷಿಣ ಕನ್ನಡ ಜಿಲ್ಲೆಯ ಪ್ರಾಚೀನ ಇತಿಹಾಸ ಬರೆದ್ರು. ಕಾಪು ಕಡೆಯ ಪಾದೂರು ಗುರುರಾಜ ಭಟ್ಟರು ಕಲ್ಯಾಣಪುರದ ಕಾಲೇಜಲ್ಲಿ ಕಲಿಸ್ತಾ, ಊರೂರು ತಿರುಗಿ ದೇವಸ್ಥಾನ, ಮೂರ್ತಿ, ಶಾಸನ ನೋಡಿ 1975ರಲ್ಲಿ ತುಳುನಾಡಿನ ಇತಿಹಾಸದ ದಪ್ಪ ಪುಸ್ತಕ ತಂದ್ರು. ಇವರೆಲ್ಲ ಯಾರೂ ಹೇಳದೆ ಈ ಕೆಲಸಕ್ಕೆ ಕೂತವರು. ಅವರು ಬರೆದಿಡದಿದ್ರೆ ಇವತ್ತು ನಮ್ಮೂರ ದೇವಸ್ಥಾನದ ಬೋರ್ಡಿನಲ್ಲಿ "ಸಾವಿರಾರು ವರ್ಷಗಳ ಇತಿಹಾಸವುಳ್ಳ" ಅಂತ ಒಂದು ಸಾಲು ಬಿಟ್ರೆ ಬೇರೆ ಎಂತ ಇರ್ತಿತ್ತು?

(10/10)

ಕೊನೆಯದ್ದು.

ಅಪ್ಪನ ಅಂಗಡಿಯಲ್ಲಿ ಸಾಲದ ಪುಸ್ತಕಗಳು ಉಂಟು. 1998ರಿಂದ ಇಟ್ಟದ್ದು, ಒಟ್ಟು 31. ಕೆಂಪು ಬಟ್ಟೆಯ ಬೈಂಡು, ಒಳಗೆ ಅಪ್ಪನ ಓರೆ ಅಕ್ಷರ. ಹಳೆಯ ಬಾಕಿ ಎಷ್ಟುಂಟು ಅಂತ ನೋಡ್ಲಿಕ್ಕೆ ಕೂತೆ. ನಮ್ಮ ಸಿಲೆಬಸ್ ಪ್ರಕಾರ ಅದರಲ್ಲಿ ಮುಕ್ಕಾಲು ಪಾಲು ಬ್ಯಾಡ್ ಡೆಟ್ಸ್. ಬರುವುದಿಲ್ಲ, ರೈಟ್ ಆಫ್ ಮಾಡಿ ಮುಗಿಸಬೇಕು.

ಆದ್ರೆ ಪುಟ ತಿರುಗಿಸ್ತಾ ಬೇರೆ ಏನೋ ಕಾಣ್ಲಿಕ್ಕೆ ಶುರುವಾಯ್ತು. ಆಟಿ ತಿಂಗಳಲ್ಲಿ ಪ್ರತಿ ವರ್ಷ ಸಾಲ ಏರ್ತದೆ. ಮಳೆಗೆ ಕೆಲಸ ಇಲ್ಲ. ಹಳೆಯ ಪುಸ್ತಕಗಳಲ್ಲಿ ಎಷ್ಟೋ ಮನೆಯ ಎದುರು "ಬೀಡಿ ದುಡ್ಡು ಬಂದ ಮೇಲೆ" ಅಂತ ಬರೆದಿದ್ದಾರೆ, ಹೊಸ ಪುಸ್ತಕಗಳಲ್ಲಿ ಆ ಮಾತು ಕಡಿಮೆ ಆಗ್ತಾ ಬರ್ತದೆ. "ಬೊಂಬಾಯಿಯಿಂದ ಮಗ ಕಳಿಸಿದ್ದು" ಅಂತ ಉಂಟು. ಸೀಮೆಎಣ್ಣೆ ಒಂದು ವರ್ಷದ ನಂತರ ಮಾಯ. ರೀಚಾರ್ಜ್ ಅಂತ ಒಂದು ಹೊಸ ಐಟಂ ಬಂದು, ಹತ್ತು ವರ್ಷ ಇದ್ದು, ಅದೂ ಮಾಯ. ಮನುಷ್ಯರ ಹೆಸರಿಗಿಂತ ಮನೆಗಳ ಹೆಸರೇ ಜಾಸ್ತಿ. ಅದರಲ್ಲಿ ಕೆಲವು ಮನೆ ಈಗ ಇಲ್ಲ. ಒಂದು ಕಡೆ ದೊಡ್ಡ ಮೊತ್ತಕ್ಕೆ ಅಡ್ಡಗೆರೆ ಎಳೆದು, ಪಕ್ಕದಲ್ಲಿ "ಮಗಳ ಮದುವೆ, ಬೇಡ" ಅಂತ ಮೂರೇ ಶಬ್ದ. ಅಪ್ಪ ಅದನ್ನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಅಮ್ಮನಿಗೆ ತೋರಿಸಿದೆ. ಅಮ್ಮ ತುಂಬ ಹೊತ್ತು ಆ ಪುಟ ಹಿಡ್ಕೊಂಡು ಕೂತ್ರು.

ಕಲ್ಲಿನ ಮೇಲೆ ಇದ್ರೆ ಶಾಸನ, ಕೆಂಪು ಬೈಂಡಿನಲ್ಲಿ ಇದ್ರೆ ರದ್ದಿ ಅಂತ ಯಾರು ಹೇಳಿದ್ದು?

ನಾನು ಕಾಲೇಜು ಬಿಡಲಿಲ್ಲ. ಇದಕ್ಕೆ ಪೈಗಳು ಕಾರಣ ಅಂತ ಹೇಳಿದ್ರೆ ಅರ್ಧ ಸತ್ಯ. ಅಮ್ಮ ಕಾರಣ. "ಬೆಳಿಗ್ಗೆ ಬಾಗಿಲು ನಾನು ತೆಗೀತೇನೆ, ಹೋಲ್‌ಸೇಲ್‌ನವರ ಹತ್ತಿರ ಮಾತಾಡ್ಲಿಕ್ಕೂ ಕಲೀತೇನೆ, ನೀನು ಪರೀಕ್ಷೆ ಬರಿ" ಅಂದ್ರು. ದೊಡ್ಡಪ್ಪ ಈಗ ಭಾನುವಾರ ಬಂದು ಗೋಣಿ ಇಳಿಸಿ ಕೊಡ್ತಾರೆ. ಸಂಜೆ ನಾಲ್ಕೂವರೆಯಿಂದ ಒಂಬತ್ತರ ತನಕ ಗಲ್ಲಾ ನನ್ನದು. ಲಾಭ ಹೋದ ವರ್ಷಕ್ಕಿಂತ ಕಡಿಮೆ. ನಡೀತಾ ಉಂಟು. ಆಸ್ತಿ ಇದ್ದವರಿಗೆ ಡಿಗ್ರಿ ಇಲ್ಲದೆಯೂ ಆಗಬಹುದು. ನಮ್ಮ ಮನೆಯ ಲೆಕ್ಕದಲ್ಲಿ ನನ್ನ ಡಿಗ್ರಿಯೇ ಆಸ್ತಿ.

ಪೈಗಳಿಂದ ನನಗೆ ಸಿಕ್ಕಿದ್ದು ಇನ್ನರ್ಧ. ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತಿಗೆ 31 ಪುಸ್ತಕವನ್ನೂ ಒಂದೊಂದಾಗಿ ಎಕ್ಸೆಲ್‌ಗೆ ಹಾಕ್ತಾ ಇದ್ದೇನೆ. ತಾರೀಕು, ಸಾಮಾನು, ರೇಟು, ಮನೆಯ ಹೆಸರು. ಇಲ್ಲಿವರೆಗೆ ನಾಲ್ಕು ಪುಸ್ತಕ ಆಯಿತು. ಯಾರ ಹೆಸರನ್ನೂ, ಯಾರ ಸಾಲವನ್ನೂ ಇಲ್ಲಿ ಪೋಸ್ಟ್ ಮಾಡುವುದಿಲ್ಲ, ಅದು ಅಪ್ಪನಿಗೂ ಅವರಿಗೂ ಇದ್ದ ನಂಬಿಕೆ. ಆದ್ರೆ ಕುಚ್ಚಲಕ್ಕಿ, ಬೆಲ್ಲ, ತೆಂಗಿನೆಣ್ಣೆಯ ರೇಟು ಇಪ್ಪತ್ತೈದು ವರ್ಷದಲ್ಲಿ ಹೇಗೆ ಹೋಯಿತು ಅಂತ ಮುಗಿದ ಮೇಲೆ ಖಂಡಿತ ಹಾಕ್ತೇನೆ.

ನಿಮ್ಮ ಮನೆಯಲ್ಲೂ ಇಂಥದ್ದು ಇರ್ತದೆ. ಹಳೆಯ ಗೇಣಿ ಚೀಟಿ, ಹಾಲಿನ ಡೈರಿಯ ಪುಸ್ತಕ, ಬೀಡಿ ಬ್ರಾಂಚಿನ ಪಾಸ್‌ಬುಕ್, ಬೊಂಬಾಯಿಂದ ಬಂದ ಇನ್ಲ್ಯಾಂಡ್ ಲೆಟರ್. ಮನೆ ಗುಡಿಸಿ ರದ್ದಿಗೆ ಹಾಕುವ ಮೊದಲು ಒಂದು ಫೋಟೋ ತೆಗೀರಿ. ಹಿಂದೆ ತಾರೀಕು ಬರೀರಿ, ಯಾರದ್ದು ಅಂತ ಬರೀರಿ. ಅಜ್ಜ ಅಜ್ಜಿ ಇದ್ರೆ ಈ ವಾರವೇ ಕೂತು ಕೇಳಿ. ಮುಂದಿನ ವಾರ ಅಂತ ಬೇಡ.

ನಿಮ್ಮೂರ ಹೆಸರಿಗೆ ಮನೆಯವರು ಎಂತ ಕತೆ ಹೇಳ್ತಾರೆ? ಕಾಮೆಂಟಲ್ಲಿ ಬರೀರಿ. ಎಲ್ಲವನ್ನೂ ಬರೆದಿಟ್ಟುಕೊಳ್ತೇನೆ.

#ಕುಕ್ಕುಂದೂರು #ಕಾರ್ಕಳ #ಗೋವಿಂದಪೈ #ಮಂಜೇಶ್ವರ #ನಮ್ಮೂರಕತೆ #ಕನ್ನಡ